1911ರ ಹಂದಿ ರೂಪಾಯಿ: ಅಸಲಿ ಯಾವುದು, ನಕಲಿ ಯಾವುದು

ಆರು ವರ್ಷದ ಹಿಂದೆ ನಾನು ಆರೂವರೆ ಸಾವಿರ ಕೊಟ್ಟು ಒಂದು ರೂಪಾಯಿ ಕೊಂಡೆ. ಐದನೇ ಜಾರ್ಜ್ ರಾಜನ ಬೆಳ್ಳಿ ರೂಪಾಯಿ, ಇಸವಿ 1911. ಮನೆಗೆ ಬರುವ ದಾರಿಯಲ್ಲಿ ಕಾರ್ ಸ್ಟ್ರೀಟಿನಲ್ಲಿ ಇಳಿದು, ಚಿನ್ನಬೆಳ್ಳಿ ಕೆಲಸದ ನಮ್ಮ ಪರಿಚಯದ ಆಚಾರ್ರಿಗೆ ತೋರಿಸಿದೆ. ಅವರು ತೂಗಿ ನೋಡಿದರು. ಕಲ್ಲಿನ ಮೇಲೆ ಒಮ್ಮೆ ಬೀಳಿಸಿ ಕಿವಿಗೊಟ್ಟರು. "ಬೆಳ್ಳಿ ಹೌದು ಅಕ್ಕ, ಒಳ್ಳೆ ಬೆಳ್ಳಿ. ತೂಕವೂ ಸರಿ ಉಂಟು" ಎಂದರು. ನಾನು ಖುಷಿಯಲ್ಲಿ ಮನೆ ಸೇರಿದೆ.

ಆಚಾರ್ರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ನನ್ನ ನಾಣ್ಯ ನಕಲಿ. ಅದು 1917ರ ಅಸಲಿ ರೂಪಾಯಿ. ಯಾರೋ ಪುಣ್ಯಾತ್ಮ ಕೊನೆಯ ಏಳನ್ನು ಕೆರೆದು ಒಂದು ಮಾಡಿದ್ದ. ನಾನು ಕೇಳಿದ್ದು "ಇದು ಬೆಳ್ಳಿಯಾ?" ಅಂತ. ಕೇಳಬೇಕಾಗಿದ್ದದ್ದು "ಇದು 1911ರದ್ದಾ?" ಅಂತ. ಅವೆರಡೂ ಬೇರೆ ಬೇರೆ ಪ್ರಶ್ನೆ. ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು, ಖೋಟಾ ನೋಟನ್ನು ಬೆರಳ ತುದಿಯಲ್ಲೇ ಹಿಡಿಯುತ್ತೇನೆ ಎಂಬ ಜಂಬ ಇಟ್ಟುಕೊಂಡಿದ್ದವಳಿಗೆ ಇಷ್ಟು ಹೊಳೆಯಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ರೂಪಾಯಿಯ ಕತೆ. ಅದು ಗೊತ್ತಿಲ್ಲದಿದ್ದರೆ ಪರೀಕ್ಷೆ ಅರ್ಥವಾಗುವುದಿಲ್ಲ. ಏಳನೇ ಎಡ್ವರ್ಡ್ 1910ರಲ್ಲಿ ತೀರಿಕೊಂಡು ಐದನೇ ಜಾರ್ಜ್ ಪಟ್ಟಕ್ಕೆ ಬಂದ. ಮರುವರ್ಷ ಅವನ ಮುಖದ ಹೊಸ ರೂಪಾಯಿ ಹೊರಟಿತು. ಅದರಲ್ಲಿ ರಾಜ ಕಿರೀಟ ಹಾಕಿ, ಕಸೂತಿಯ ಮೇಲಂಗಿ ಹೊದ್ದು ಎದೆಯವರೆಗೆ ಕಾಣುತ್ತಾನೆ. ಎದೆಯ ಮೇಲೆ ಪದಕದ ಸರ ಇದೆ, ಸರದಲ್ಲಿ ಒಂದು ಪುಟ್ಟ ಆನೆ. ಅಚ್ಚು ಕೆತ್ತಿದವರು ಆ ಆನೆಯ ಸೊಂಡಿಲನ್ನೂ ಬಾಲವನ್ನೂ ಮೋಟು ಮಾಡಿಬಿಟ್ಟಿದ್ದರು. ಜನ ನೋಡಿ, ಇದು ಆನೆಯಲ್ಲ, ಹಂದಿ ಎಂದರು. ಮುಸ್ಲಿಮರಿಗೆ ಬೇಸರವಾಗಿ ಗಲಾಟೆಯಾಯಿತು. ಸುಮಾರು 94 ಲಕ್ಷ ಟಂಕಿಸಿದ್ದರೂ ಹೊರಗೆ ಬಂದದ್ದು ಸುಮಾರು 7 ಲಕ್ಷ ಮಾತ್ರ. ಉಳಿದದ್ದನ್ನು ಸರ್ಕಾರ ಕರಗಿಸಿತು. 1912ರಿಂದ ಆನೆಗೆ ಸರಿಯಾದ ಸೊಂಡಿಲು ಬಂತು. ಹಾಗಾಗಿ ಸಂಗ್ರಹ ಮಾಡುವವರ ಬಾಯಲ್ಲಿ ಇದು ಹಂದಿ ರೂಪಾಯಿ.

ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವರು ಉಳಿಸಿದ ನಾಲ್ಕು ಬೆಳ್ಳಿ ರೂಪಾಯಿ ಅಜ್ಜಿಯ ಹತ್ತಿರ ಇತ್ತು. ಬಿಸುವಿನ ದಿನ, ಅಂದರೆ ತುಳುವರ ಹೊಸ ವರ್ಷಕ್ಕೆ, ಬೆಳಗ್ಗೆ ಎದ್ದು ಮೊದಲು ನೋಡಲು ಜೋಡಿಸುವ ಕಣಿಯಲ್ಲಿ ಸೌತೆಕಾಯಿ, ತೆಂಗಿನಕಾಯಿಯ ಪಕ್ಕ ಅವನ್ನು ಇಡುತ್ತಿದ್ದರು. ನಾಲ್ಕೂ 1916, 1918ರವು. ಆಗ ಗೊತ್ತಿರಲಿಲ್ಲ, ಹಂದಿ ರೂಪಾಯಿಯನ್ನು ಹಿಡಿಯಲು ಇವುಗಳಿಗಿಂತ ಒಳ್ಳೆಯ ಸಾಧನ ಬೇರೆ ಇಲ್ಲ ಅಂತ.

ಆನೆಯಿಂದ ಶುರು ಮಾಡಿ

ನಕಲಿ ಮಾಡುವವರ ಕಣ್ಣು ಇಸವಿಯ ಮೇಲೆ. ಕೊಳ್ಳುವವರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಹಾಗಾಗಿ ನೀವು ಇಸವಿ ನೋಡಲೇ ಬೇಡಿ, ನಾಣ್ಯ ತಿರುಗಿಸಿ ರಾಜನ ಕಡೆ ನೋಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಬೇಕು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ಮೊಬೈಲ್ ಕ್ಯಾಮೆರಾ ಸಾಲದು. ಅದು ತನ್ನಷ್ಟಕ್ಕೆ ಗೆರೆಗಳನ್ನು ನುಣುಪು ಮಾಡಿಬಿಡುತ್ತದೆ.

1912 ಮತ್ತು ಆಮೇಲಿನ ರೂಪಾಯಿಯಲ್ಲಿ ಸೊಂಡಿಲು ಮುಂಗಾಲಿನಿಂದ ಬೇರೆಯಾಗಿ ಕೆಳಗೆ ಇಳಿದಿರುತ್ತದೆ. ಯಾರಿಗೆ ತೋರಿಸಿದರೂ ಆನೆ ಎನ್ನುತ್ತಾರೆ. 1911ರದ್ದರಲ್ಲಿ ಮೂತಿ ಮೋಟು, ಬಾಲ ಮೋಟು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಮಕ್ಕಳೂ ಹೇಳಿಬಿಡುತ್ತಾರೆ. ನನ್ನ ನಕಲಿಯನ್ನು ಹಿಡಿದದ್ದೂ ಹಾಗೆಯೇ. ಒಂದು ಬಿಸುವಿಗೆ ಅಜ್ಜಿಯ ರೂಪಾಯಿಗಳ ಪಕ್ಕ ಅದನ್ನಿಟ್ಟಿದ್ದೆ. ತಂಗಿಯ ಮಗಳು ಲೂಪ್ ಹಿಡಿದು ಆಟವಾಡುತ್ತಾ "ದೊಡ್ಡಮ್ಮ, ಐದರಲ್ಲೂ ಒಂದೇ ಆನೆ ಉಂಟಲ್ಲ" ಎಂದಳು. ಐದರಲ್ಲೂ ಒಂದೇ ಆನೆ ಇರಬಾರದಿತ್ತು.

ಹಾಗಾಗಿ ಹಂದಿ ರೂಪಾಯಿಗೆ ದುಡ್ಡು ಹಾಕುವ ಮುಂಚೆ ಎರಡು ಅಗ್ಗದ ನಾಣ್ಯ ಕೊಂಡಿಟ್ಟುಕೊಳ್ಳಿ. ಒಂದು, 1917 ಅಥವಾ 1918ರ ಸಾಮಾನ್ಯ ಬೆಳ್ಳಿ ರೂಪಾಯಿ. ಬೇಕಾದಷ್ಟು ಸಿಗುತ್ತದೆ. ಇನ್ನೊಂದು, 1911ರ ಕಂಚಿನ ಕಾಲಾಣೆ. ಈ ಕಾಲಾಣೆಯಲ್ಲೂ ಅದೇ ಮೋಟು ಸೊಂಡಿಲಿನ ಆನೆ ಇದೆ. ಆದರೆ ಅದನ್ನು ಕೋಟಿಗಟ್ಟಲೆ ಹೊಡೆದಿದ್ದರಿಂದ ರೂಪಾಯಿಯಷ್ಟು ದುಬಾರಿಯಲ್ಲ. ಒಂದು ವಾರ ದಿನಾ ಎರಡೆರಡು ನಿಮಿಷ ಎರಡನ್ನೂ ನೋಡಿ. ಆಮೇಲೆ ಅಂಗಡಿಯಲ್ಲಿ ಯಾರೂ ನಿಮಗೆ ಆನೆಯ ವಿಷಯದಲ್ಲಿ ಟೋಪಿ ಹಾಕಲಾರರು.

ಸವೆದ ನಾಣ್ಯದಲ್ಲಿ ಆನೆಯೇ ಕಾಣುವುದಿಲ್ಲ, ಆಗೇನು ಮಾಡುವುದು? ಕೊಳ್ಳಬೇಡಿ, ಅಷ್ಟೇ. ಇದರಲ್ಲಿ ನನ್ನದು ಹಟ ಎನ್ನುತ್ತಾರೆ. ಇರಬಹುದು. ಆದರೆ ಆನೆ ಕಾಣದ ಹಂದಿ ರೂಪಾಯಿಗೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಕೆಲವರು ಆನೆಯ ಸೊಂಡಿಲನ್ನೇ ಕೆರೆದು ತೆಗೆಯುವುದೂ ಉಂಟು. ಆಗ ಆನೆ ಇರುವಲ್ಲಿ ಮಾತ್ರ ಸವೆತ ಇರುತ್ತದೆ, ಅಕ್ಕಪಕ್ಕದ ಮೇಲಂಗಿಯ ಕಸೂತಿ ಹೊಸದರ ಹಾಗೆ ಇರುತ್ತದೆ. ಜೇಬಿನಲ್ಲಿ ಸವೆದ ನಾಣ್ಯ ಎಲ್ಲ ಕಡೆಯೂ ಸವೆಯುತ್ತದೆ, ರಾಜನ ಗಡ್ಡ, ಕಿರೀಟ ಎಲ್ಲ ಮೊದಲೇ ಹೋಗಿರುತ್ತದೆ.

ಆನೆ ಸರಿ ಇದ್ದರೆ ಈಗ ಇಸವಿಗೆ ಬನ್ನಿ. 1911ರಲ್ಲಿ ಮೂರು ಒಂದುಗಳಿವೆ. ಮೂರನ್ನೂ ಹೋಲಿಸಿ. ಒಂದೇ ಅಚ್ಚಿನಿಂದ ಬಂದವಾದರೆ ದಪ್ಪ, ಎತ್ತರ, ಬುಡ ಎಲ್ಲ ಒಂದೇ ತರಹ ಇರಬೇಕು. ನನ್ನದರಲ್ಲಿ ಕೊನೆಯ ಒಂದು ಸ್ವಲ್ಪ ವಾಲಿತ್ತು, ಏಳರ ಕಾಲು ವಾಲುವುದೇ ಹಾಗಲ್ವಾ. ಅದರ ತಲೆಯ ಎಡಕ್ಕೆ, ಏಳರ ಅಡ್ಡಗೆರೆ ಇದ್ದ ಜಾಗ, ಕನ್ನಡಿಯ ಹಾಗೆ ನುಣುಪಾಗಿತ್ತು. ನಾಣ್ಯವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸಿ. ಕೆರೆದ ಜಾಗ ಬೇರೆ ತರಹ ಮಿಂಚುತ್ತದೆ. ನೇರ ಬೆಳಕಿನಲ್ಲಿ ಇದು ಕಾಣುವುದೇ ಇಲ್ಲ.

ಹಿಂಬದಿಯಲ್ಲಿ ಕೆಳಗಿನ ತಾವರೆ ಹೂವಿನ ಬುಡದಲ್ಲಿ ಪುಟ್ಟ ಚುಕ್ಕಿ ಇದ್ದರೆ ಅದು ಬೊಂಬಾಯಿ ಟಂಕಸಾಲೆಯದ್ದು. ಇಲ್ಲದಿದ್ದರೆ ಕಲ್ಕತ್ತದ್ದು. 1911ರಲ್ಲಿ ಎರಡೂ ಕಡೆ ಹೊಡೆದಿದ್ದಾರೆ. ಹಾಗಾಗಿ "ಚುಕ್ಕಿ ಇಲ್ಲ, ಡೂಪ್ಲಿಕೇಟ್" ಎಂದು ಯಾರಾದರೂ ಹೇಳಿದರೆ ತಲೆಕೆಡಿಸಿಕೊಳ್ಳಬೇಡಿ.

ಒಂದು ತೊಲ, ಒಂದು ಲೋಟ ನೀರು

ಇನ್ನೊಂದು ಜಾತಿಯ ನಕಲಿ ಲೋಹದ್ದೇ. ಹೆಸರಿಗೆ ಮಾತ್ರ ಬೆಳ್ಳಿಯಾದ ಜರ್ಮನ್ ಸಿಲ್ವರ್‌ನಲ್ಲೋ ಬೆಳ್ಳಿ ಲೇಪದ ಹಿತ್ತಾಳೆಯಲ್ಲೋ ಎರಕ ಹೊಯ್ದದ್ದು, ಇಲ್ಲವೇ ಹೊಸ ಅಚ್ಚು ಮಾಡಿ ಹೊಡೆದದ್ದು. ಇದಕ್ಕೆ ಆಚಾರ್ರ ಪ್ರಶ್ನೆಯೇ ಸರಿ: ಬೆಳ್ಳಿಯಾ, ಅಲ್ಲವಾ?

ಅಂದಿನ ಬೆಳ್ಳಿ ರೂಪಾಯಿಯ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಇದೇ ಒಂದು ತೊಲ. ಮನೆಯಲ್ಲಿ ತೂಕದ ಕಲ್ಲು ಇಲ್ಲದಿದ್ದಾಗ ರೂಪಾಯಿಯನ್ನೇ ತಕ್ಕಡಿಗೆ ಹಾಕಿ ಚಿನ್ನ ತೂಗುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದರು. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಬೆರಕೆ. ಅಳತೆ ನೋಡುವುದಾದರೆ ಅಡ್ಡಕ್ಕೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಓಡಾಡಿದ ನಾಣ್ಯ 11.4, 11.5 ತೂಗಿದರೆ ಗಾಬರಿ ಬೇಡ, ಸವೆದಿರುತ್ತದೆ. 11.66ಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ ತೂಗಿದರೆ ಮಾತ್ರ ಯೋಚಿಸಿ. ಸವೆದು ಭಾರವಾದ ನಾಣ್ಯ ಲೋಕದಲ್ಲಿಲ್ಲ. ಸರಕ್ಕೆ ಕೊಂಡಿ ಬೆಸೆದದ್ದಾದರೆ ಬೆಸುಗೆಯ ತೂಕ ಸೇರಿರಬಹುದು, ಅಂಚಿನಲ್ಲಿ ಅದರ ಗುರುತು ಹುಡುಕಿ.

ಆದರೆ ತೂಕ ಒಂದನ್ನೇ ನಂಬಿದರೆ ಕೆಟ್ಟಿರಿ. ಸ್ವಲ್ಪ ದಪ್ಪ ಮಾಡಿದರೆ ಯಾವ ಲೋಹದಲ್ಲೂ 11.66 ತರಬಹುದು. ನೀರಿನ ಪರೀಕ್ಷೆ ಇದನ್ನು ಹಿಡಿಯುತ್ತದೆ. ನನಗೆ ಇದು ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ.

ಒಂದು ಗ್ರಾಂನ ನೂರನೇ ಒಂದು ಪಾಲು ತೋರಿಸುವ ಪುಟ್ಟ ತಕ್ಕಡಿ ಬೇಕು. ಆನ್‌ಲೈನಿನಲ್ಲಿ ಸಿಗುತ್ತದೆ, ನಾನು ಮೊದಲು ಏಲಕ್ಕಿ ತೂಗಲು ತರಿಸಿದ್ದು. ಮೊದಲು ನಾಣ್ಯವನ್ನು ಹಾಗೆಯೇ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಹಗುರವಾದ ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಡಿ. ಸ್ಟೀಲ್ ಲೋಟ ಬೇಡ, ತಕ್ಕಡಿಯ ಮಿತಿ ದಾಟಬಹುದು. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ ಹಾಕಿ, ನಾಣ್ಯಕ್ಕೆ ಗಾಳಿಗುಳ್ಳೆ ಅಂಟುವುದಿಲ್ಲ. ತಕ್ಕಡಿಯನ್ನು ಸೊನ್ನೆ ಮಾಡಿ. ಈಗ ನಾಣ್ಯವನ್ನು ತೆಳ್ಳಗಿನ ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವ ಹಾಗೆ ನೀರಿಗೆ ಇಳಿಸಿ. ತಳಕ್ಕೂ ತಾಗಬಾರದು, ಬದಿಗೂ ತಾಗಬಾರದು. ಕೈ ನಡುಗುವುದಾದರೆ ಎರಡು ಪುಸ್ತಕದ ರಾಶಿಯ ಮೇಲೆ ಸ್ಕೇಲ್ ಅಡ್ಡ ಇಟ್ಟು ಅದಕ್ಕೆ ನೂಲು ಕಟ್ಟಿ. ಫ್ಯಾನ್ ಆರಿಸಿ. ಇದನ್ನು ನಾನು ಮೂರು ಸಲ ಮರೆತಿದ್ದೇನೆ.

ತಕ್ಕಡಿ ಈಗ ತೋರಿಸುವ ಅಂಕೆ, ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿ. ಅಜ್ಜಿಯ ಒಂದು ರೂಪಾಯಿ ಒಣಗಿದ್ದಾಗ 11.60, ನೀರಿನಲ್ಲಿ 1.12. ಭಾಗಿಸಿದರೆ 10.36. ಈ ಬೆಳ್ಳಿಗೆ 10.3ರ ಆಸುಪಾಸು ಬರಬೇಕು. ತಾಮ್ರಕ್ಕೆ 8.9, ಹಿತ್ತಾಳೆಗೂ ಜರ್ಮನ್ ಸಿಲ್ವರ್‌ಗೂ ಎಂಟೂವರೆಯ ಹತ್ತಿರ. ಭಾವನ ಮಗ ಜಾತ್ರೆಯಲ್ಲಿ ತಂದ ಒಂದು ರೂಪಾಯಿ 11.70 ತೂಗಿತು. ನೋಡಲು ಎಷ್ಟು ಚೆಂದ ಎಂದರೆ ನಾನೇ ಸ್ವಲ್ಪ ಸೋತಿದ್ದೆ. ನೀರಿಗೆ ಇಳಿಸಿದಾಗ 1.37. ಭಾಗಿಸಿ ನೋಡಿ, 8.54. "ಎಂತ ಚಿಕ್ಕಮ್ಮ, ನೀರಲ್ಲಿ ಮುಳುಗಿಸಿ ನನ್ನ ದುಡ್ಡೇ ಮುಳುಗಿಸಿದಿರಿ" ಎಂದ.

ಪರೀಕ್ಷೆ ಮುಗಿದ ಮೇಲೆ ಬರೀ ನೀರಿನಲ್ಲಿ ಅದ್ದಿ ತೆಗೆದು, ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ. ಉಜ್ಜಬೇಡಿ. ಆಭರಣದಂಗಡಿಯ ಯಂತ್ರದಲ್ಲಿ ತೋರಿಸಬಹುದು, ಆದರೆ ಅದು ಮೇಲಿನ ಪದರವನ್ನಷ್ಟೇ ಓದುತ್ತದೆ. ದಪ್ಪ ಲೇಪ ಇದ್ದರೆ ಅದಕ್ಕೂ ಮೋಸವಾಗುತ್ತದೆ. ಒರೆಗಲ್ಲಿಗೆ ಉಜ್ಜಿ ಆಸಿಡ್ ಹಾಕಲು ಮಾತ್ರ ಯಾರಿಗೂ ಬಿಡಬೇಡಿ. ಅಸಲಿ ಎಂದು ಗೊತ್ತಾಗುವ ಹೊತ್ತಿಗೆ ಅದರ ಬೆಲೆ ಹೋಗಿರುತ್ತದೆ.

ಸದ್ದು, ಅಂಚು, ಕಪ್ಪು ಬಣ್ಣ

ಹಳೆಯ ವ್ಯಾಪಾರಿಗಳು ರೂಪಾಯಿಯನ್ನು ಕಲ್ಲಿಗೆ ಬಡಿದು ಸದ್ದು ಕೇಳುತ್ತಿದ್ದರು. ನೀವು ಬಡಿಯಬೇಡಿ. ಬೆರಳ ತುದಿಯಲ್ಲಿ ನಾಣ್ಯ ನಿಲ್ಲಿಸಿ, ಪೆನ್ಸಿಲಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಬೆಳ್ಳಿ ಗಂಟೆಯ ಹಾಗೆ ಎಳೆದು ಹಾಡುತ್ತದೆ. ಎರಕದ್ದು ಟಪ್ ಎಂದು ಸತ್ತುಹೋಗುತ್ತದೆ. ಬಿರುಕು ಬಿಟ್ಟ ಅಸಲಿಯೂ ಕೆಲವೊಮ್ಮೆ ಹಾಗೇ ಸದ್ದು ಮಾಡುವುದರಿಂದ ಇದನ್ನು ತೀರ್ಪು ಎಂದುಕೊಳ್ಳಬೇಡಿ. ಆಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ. ಅಂಟದಿದ್ದರೆ ಏನೂ ಗೊತ್ತಾಗಲಿಲ್ಲ ಎಂದೇ ಅರ್ಥ, ಹಿತ್ತಾಳೆಯೂ ಅಂಟುವುದಿಲ್ಲ.

ಅಂಚನ್ನು ಪೂರ್ತಿ ಸುತ್ತು ನೋಡಿ. ಸಣ್ಣ ಅಡ್ಡಗೆರೆಗಳು ಒಂದೇ ಅಂತರದಲ್ಲಿರಬೇಕು. ಎರಕದ ನಾಣ್ಯದಲ್ಲಿ ಎರಡು ಅಚ್ಚು ಸೇರಿದ ಗೆರೆ ಅಂಚಿನ ನಡುವೆ ಓಡಿರುತ್ತದೆ. ಅದನ್ನು ಅರದಲ್ಲಿ ಉಜ್ಜಿದ್ದರೆ ಅರದ ಗುರುತು ಉಳಿದಿರುತ್ತದೆ. ಲೂಪಿನಲ್ಲಿ ಖಾಲಿ ಜಾಗ ನೋಡಿದರೆ ಇಡ್ಲಿಯ ಮೈ ಹಾಗೆ ಸಣ್ಣ ತೂತು ತೂತು. ಅಕ್ಷರಗಳು ಸೋಪಿನ ಮೇಲೆ ಬರೆದ ಹಾಗೆ ಮೊಂಡು. ಒತ್ತಿದ ನಾಣ್ಯದ ಅಕ್ಷರ ನೆಲದಿಂದ ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ. ಒಬ್ಬನೇ ಮಾರುವವನ ಹತ್ತಿರ ಎರಡು ಹಂದಿ ರೂಪಾಯಿ ಇದ್ದರೆ ಎರಡನ್ನೂ ಕೇಳಿ ನೋಡಿ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಗೀರು ಇದ್ದರೆ, ನಮಸ್ಕಾರ ಹೇಳಿ ಹೊರಡಿ.

ಕಪ್ಪು ಬಣ್ಣದ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಒಂದು ಅನುಕೂಲ ಉಂಟು. ಮಳೆಗಾಲದಲ್ಲಿ ಬೆಳ್ಳಿ ಹೇಗೆ ಕಪ್ಪಾಗುತ್ತದೆ ಎಂದು ದೇವರ ಕೋಣೆಯ ದೀಪದಲ್ಲೇ ದಿನಾ ನೋಡುತ್ತೇವೆ. ಅದು ನಿಧಾನವಾಗಿ, ಅಂಚಿನಿಂದ ಒಳಗೆ, ಹಳದಿ, ಕಂದು, ನೀಲಿ ಆಗುತ್ತಾ ಬರುತ್ತದೆ. ಗಂಧಕ ಹಚ್ಚಿ ಒಂದೇ ದಿನದಲ್ಲಿ ಮಾಡಿದ ಕಪ್ಪು ಕಾಡಿಗೆಯ ಹಾಗೆ ಒಂದೇ ಸಮ. ಅಕ್ಷರದ ಸಂದಿಯಲ್ಲಿ ಬೂಟ್ ಪಾಲಿಶ್ ತುಂಬಿದ್ದೂ ನೋಡಿದ್ದೇನೆ, ಹತ್ತಿರ ಹಿಡಿದರೆ ವಾಸನೆಯೇ ಹೇಳುತ್ತದೆ. ಅಸಲಿ ಕಪ್ಪನ್ನು ಮಾತ್ರ ವಿಭೂತಿ, ಹುಣಸೆಹುಳಿ, ಬಿಂಬುಳಿ ಹಾಕಿ ತಿಕ್ಕಬೇಡಿ. ಅಜ್ಜಿ ತಿಕ್ಕಿದ್ದರಿಂದಲೇ ನಮ್ಮ ನಾಲ್ಕು ರೂಪಾಯಿ ಹೊಳೆಯುತ್ತವೆ, ಸಂಗ್ರಹದವರು ಅವಕ್ಕೆ ಬೆಳ್ಳಿಯ ರೇಟಿನ ಮೇಲೆ ಒಂದು ಪೈಸೆ ಕೊಡುವುದಿಲ್ಲ.

ನಡುವೆ ಒಂದು ಮಾತು. 1818ರ ಈಸ್ಟ್ ಇಂಡಿಯಾ ಕಂಪನಿಯ ಒಂದಾಣೆ, ಅದರಲ್ಲಿ ಹನುಮಂತ ಅಥವಾ ರಾಮಸೀತೆ, ಅಕ್ಕಿಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ ಎಂದು ಯಾರಾದರೂ ತಂದರೆ ಲೂಪ್ ತೆಗೆಯುವ ಶ್ರಮವೂ ಬೇಡ. ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ. ಅಸಲಿಯೇ ಇಲ್ಲದ ನಾಣ್ಯಕ್ಕೆ ನಕಲಿ ಎಂದು ಹೇಳುವುದೂ ಕಷ್ಟ. ಹಾಗೆಯೇ 1939ರ ಆರನೇ ಜಾರ್ಜ್ ರೂಪಾಯಿ ಸಿಕ್ಕಿತು ಎಂದು ಕುಣಿಯಬೇಡಿ. ಅದು ಹಂದಿ ರೂಪಾಯಿಗಿಂತ ತುಂಬಾ ಅಪರೂಪ. 1938ರ ಎಂಟನ್ನು ಒಂಬತ್ತು ಮಾಡಿದ್ದು ಸಾಕಷ್ಟಿದೆ. ಅದರಲ್ಲಿ ರಾಜನ ತಲೆ ಮಾತ್ರ, ಮೇಲಂಗಿಯೂ ಇಲ್ಲ, ಆನೆಯೂ ಇಲ್ಲ, ನಮಗೆ ಸಹಾಯಕ್ಕೆ ಯಾರೂ ಇಲ್ಲ. ನಾಣ್ಯ ಪರೀಕ್ಷಿಸಿ ಪೆಟ್ಟಿಗೆಗೆ ಹಾಕಿ ಕೊಡುವ ಅಮೆರಿಕದ ಕಂಪನಿಗಳಾದ ಎನ್‌ಜಿಸಿ ಅಥವಾ ಪಿಸಿಜಿಎಸ್‌ನ ಪೆಟ್ಟಿಗೆಯಲ್ಲಿ ಸೀಲ್ ಆಗಿದ್ದರೆ ಮಾತ್ರ ನೋಡಿ. ಆ ಪೆಟ್ಟಿಗೆಯ ನಂಬರನ್ನೂ ಅವರ ಜಾಲತಾಣದಲ್ಲಿ ಹಾಕಿ, ಅಲ್ಲಿಯ ಫೋಟೋ ಮತ್ತು ಕೈಯಲ್ಲಿರುವ ನಾಣ್ಯ ಒಂದೇನಾ ನೋಡಿ. ಪೆಟ್ಟಿಗೆಯನ್ನೂ ನಕಲಿ ಮಾಡುತ್ತಾರೆ.

ದುಡ್ಡು ಕೊಡುವ ಹೊತ್ತು

ಫೋನಿನಲ್ಲಿ ಮಾರುವವರ ಹತ್ತಿರ ನಾಲ್ಕು ಫೋಟೋ ಕೇಳಿ: ಆನೆ ಹತ್ತಿರದಿಂದ, ಇಸವಿ ಓರೆ ಬೆಳಕಿನಲ್ಲಿ, ಅಂಚು, ಮತ್ತು ಇವತ್ತಿನ ಪೇಪರಿನ ಪಕ್ಕ ತಕ್ಕಡಿಯ ಮೇಲೆ ನಾಣ್ಯ. ಅಸಲಿ ಇರುವವರು ಬೇಸರ ಮಾಡುವುದಿಲ್ಲ. ನನಗೆ ಮಾರಿದವನ ಬಾಯಲ್ಲಿ ಕತೆ ಬೇಕಾದಷ್ಟಿತ್ತು. ಅಜ್ಜನ ಪೆಟ್ಟಿಗೆ, ಮಗಳ ಮದುವೆ, ಅರ್ಜೆಂಟ್. ಆನೆಯ ಫೋಟೋ ಮಾತ್ರ ಇರಲಿಲ್ಲ. ಜೆಸಿಬಿಯಲ್ಲಿ ಮನೆಯ ಅಡಿಪಾಯ ತೋಡುವಾಗ ಸಿಕ್ಕಿದ್ದು ಎನ್ನುವ ಕತೆ ಬಂದರೆ ಇನ್ನೂ ದೂರ ಇರಿ. ಅದು ಸುಳ್ಳಾದರೆ ಮೋಸ. ನಿಜವಾದರೆ ನಿಧಿ, ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕಾದ ವಸ್ತು.

ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಟ್ಯಾಕ್ಸ್ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳುವವರದ್ದು ಇನ್ನೊಂದು ಗುಂಪು. ನಮಗೂ ಇದಕ್ಕೂ ಸಂಬಂಧವಿಲ್ಲ, ಅಂಥ ಶುಲ್ಕ ನಾವು ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಹೇಳಿದೆ. ನನ್ನ ತಮ್ಮ ದುಬೈಯಲ್ಲಿದ್ದಾನೆ. ಅಸಲಿ ಸಿಕ್ಕಿದರೆ ತನಗೊಂದು ತಾ, ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬಾ ಎಂದ. ಆಗುವುದಿಲ್ಲ ಎಂದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನಲ್ಲಿ ಪ್ರಾಚೀನ ವಸ್ತು, ನಾವು ಸುಮ್ನೆ ಬ್ಯಾಗಿಗೆ ಹಾಕಿ ದೇಶ ದಾಟಿಸುವ ಹಾಗಿಲ್ಲ.

ಬಿಲ್ಲಿನಲ್ಲಿ "ಹಳೆಯ ನಾಣ್ಯ 1" ಎಂದು ಬರೆದರೆ ಒಪ್ಪಬೇಡಿ. "1911, ಐದನೇ ಜಾರ್ಜ್, ಬೆಳ್ಳಿ ರೂಪಾಯಿ, ನಕಲಿ ಎಂದು ಗೊತ್ತಾದರೆ ವಾಪಸ್" ಎಂದು ಬರೆಸಿ ಸಹಿ ಹಾಕಿಸಿ. ನನ್ನ ಹತ್ತಿರ ಬಿಲ್ಲೇ ಇರಲಿಲ್ಲ. ಮಾರಿದವನ ಫೋನ್ ಎರಡು ದಿನ ಬಿಜಿ ಬಂತು, ಮೂರನೇ ದಿನ ಸ್ವಿಚ್ ಆಫ್.

ಉಡುಪಿ ಕಡೆ ಹೋದರೆ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ ನೋಡಿ ಬನ್ನಿ. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕನ್ನು 1906ರಲ್ಲಿ ಕಟ್ಟಿದವರು ಅವರು. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಮ್ಯೂಸಿಯಂ ಉಂಟು. ಕೊಳ್ಳುವ ಆತುರವಿಲ್ಲದೆ, ಗಾಜಿನ ಹಿಂದೆ ಅಸಲಿಯನ್ನು ನೋಡುತ್ತಾ ನಿಂತರೆ ಕಣ್ಣು ತಾನಾಗಿ ಪಳಗುತ್ತದೆ.

ಕೆರೆದ 1917 ಇನ್ನೂ ನನ್ನ ಹತ್ತಿರವೇ ಇದೆ. ಯಾರಿಗಾದರೂ ಕೊಟ್ಟರೆ ಮತ್ತೆ ಯಾರ ತಲೆಗಾದರೂ ಕಟ್ಟಿಬಿಡುತ್ತಾರೆ. ಬಿಸುವಿಗೆ ಅಜ್ಜಿಯ ನಾಲ್ಕರ ಜೊತೆ ಅದನ್ನೂ ಕಣಿಗೆ ಇಡುತ್ತೇನೆ. ಆಚಾರ್ರು ಹೇಳಿದ ಹಾಗೆ, ಬೆಳ್ಳಿ ಹೌದಲ್ಲ.